ಸೀಕ್ವೆನ್ಸರ್‌ನಲ್ಲಿ ರೂಪಕದ ಲೆಹರಾ ಕೂರಿಸೋದು ಹೇಗೆ? ಗೇಟ್, ಕ್ಲಾಕ್, ಚಾನಲ್ ಯಾವುದೂ ತಲೆಗೆ ಹತ್ತುತ್ತಿಲ್ಲ

ಬಾದಾಮಿ_ಪೇಟಿ
ಎಲ್ಲರಿಗೂ ನಮಸ್ಕಾರ್ರಿ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗೆ ಕೀಬೋರ್ಡ್ ನುಡಿಸುತ್ತೇನೆ. ಉಳಿದ ದಿನ ಭಜನೆ, ಮದುವೆ ಆರ್ಕೆಸ್ಟ್ರಾ. ಹೋದ ತಿಂಗಳು ಬೆಳಗಾವಿಯ ಗೆಳೆಯರೊಬ್ಬರಿಂದ ಹಳೆಯ ಹಾರ್ಡ್‌ವೇರ್ ಮಿಡಿ ಸೀಕ್ವೆನ್ಸರ್ ತಗೊಂಡೆ (ಮಿಡಿ ಅಂದರೆ ವಾದ್ಯ ಯಂತ್ರಗಳು ಒಂದಕ್ಕೊಂದು ಅಪ್ಪಣೆ ಕಳಿಸುವ ಪದ್ಧತಿ). 16 ಗುಂಡಿ, 4 ಟ್ರ್ಯಾಕ್. ನನ್ನ ತಮ್ಮ ತಬಲಾ ಕಲಿಯುತ್ತಿದ್ದಾನೆ. ಅವನ ರಿಯಾಜಿಗೆ ದಿನಾ ನಾನೇ ಪೇಟಿ (ಹಾರ್ಮೋನಿಯಂ) ಹಿಡಿದು ಲೆಹರಾ ಕೊಡಬೇಕು, ಅಂದರೆ ತಾಳದ ಸುತ್ತು ತೋರಿಸುವ ಒಂದೇ ಧಾಟಿಯನ್ನು ಮತ್ತೆ ಮತ್ತೆ ನುಡಿಸಬೇಕು. ನಾನು ಕಾರ್ಯಕ್ರಮಕ್ಕೆ ಹೋದ ದಿನ ಅವನ ರಿಯಾಜು ನಿಂತುಹೋಗುತ್ತದೆ. ಅದಕ್ಕೇ ಇದನ್ನು ತಗೊಂಡದ್ದು.

ಜೊತೆಗೆ ಪುಸ್ತಕ ಬಂದಿಲ್ಲ. ನನ್ನ ತೊಂದರೆ ಹೇಳಿಬಿಡುತ್ತೇನೆ. ರೂಪಕ ತಾಳದ 7 ಮಾತ್ರೆಯನ್ನು (ಮಾತ್ರೆ ಅಂದರೆ ತಾಳದ ಒಂದು ಎಣಿಕೆ) ಮಾತ್ರೆಗೆ ಎರಡರಂತೆ 14 ಗುಂಡಿಯಲ್ಲಿ ಹಾಕಿದೆ. ಉಳಿದ 2 ಗುಂಡಿ ಖಾಲಿ ಓಡುತ್ತವೆ, ತಮ್ಮನಿಗೆ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ತಪ್ಪುತ್ತದೆ. ಟೆಂಪೋ 80 ಇಟ್ಟರೆ ದುಪ್ಪಟ್ಟು ಓಡುತ್ತದೆ. ಲೆಹರಾ ನುಡಿಯುವಾಗ ಪಕ್ಕದ ರಿದಮ್ ಪ್ಯಾಡ್ ಕೂಡ ಟಪಟಪ ಬಡಿಯುತ್ತದೆ. ಪ್ಲೇ ಒತ್ತಿದ ಕೂಡಲೇ ಕೀಬೋರ್ಡಿನ ಆಟೋ ರಿದಮ್ ತಾನೇ ಶುರುವಾಗುತ್ತದೆ. ಮೊನ್ನೆ ರಾತ್ರಿ ಒಂದು ಸ್ವರ ಹಿಡಿದದ್ದು ಬಿಡಲೇ ಇಲ್ಲ, ಕೀಬೋರ್ಡ್ ಆಫ್ ಮಾಡಿದ ಮೇಲೇ ನಿಂತಿತು. ತಿಳಿದವರು ದಾರಿ ತೋರಿಸಿ.

ಟಿಳಕವಾಡಿ_ಟೆಕ್
ಲ್ಯಾಪ್‌ಟಾಪ್ ಇದೆಯಾ? ಇದ್ದರೆ ಆ ಪೆಟ್ಟಿಗೆ ಮಾರಿಬಿಡಿ. ಫೋನಿನಲ್ಲೇ ಲೆಹರಾ ಆ್ಯಪ್ ಸಿಗುತ್ತವೆ, ಐದು ನಿಮಿಷದ ಕೆಲಸ.

ಚಿಕ್ಕೋಡಿ_ಪ್ಯಾಡ್
ಮಾರಬೇಡಿ ಅಣ್ಣಾ. ಜಾತ್ರೆಯ ಸ್ಟೇಜಿನ ಮೇಲೆ ಧೂಳು, ಹೊಗೆ, ಕತ್ತಲು. ಅಲ್ಲಿ ಬೆರಳಿಗೆ ಸಿಗುವ ಗುಂಡಿ ಬೇಕು. ಹಾಡಿನ ನಡುವೆ ಫೋನಿಗೆ ಕರೆ ಬಂದರೆ ಏನು ಗತಿ? ನಾನು 12 ವರ್ಷದಿಂದ ಪ್ಯಾಡ್ ಬಾರಿಸುತ್ತಿದ್ದೇನೆ, ಸ್ಟೇಜಿಗೆ ಗಟ್ಟಿ ಪೆಟ್ಟಿಗೆಯೇ ಸರಿ.

ಖಣ_ಗುಳೇದಗುಡ್ಡ
ನಮ್ಮದು ಮಗ್ಗದ ಮನೆ. ನನಗೆ ಸೀಕ್ವೆನ್ಸರ್ ಅರ್ಥ ಆದದ್ದೇ ಜಕಾರ್ಡ್ ನೋಡಿ.

ಜಕಾರ್ಡ್ ಮೇಲೆ ತೂತು ಹೊಡೆದ ಕಾರ್ಡುಗಳ ಮಾಲೆ ಇರುತ್ತದಲ್ಲ, ಆ ಕಾರ್ಡಿನಲ್ಲಿ ನೂಲು ಇಲ್ಲ, ಬಣ್ಣವೂ ಇಲ್ಲ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಇರುತ್ತದೆ. ಒಂದು ಕಾರ್ಡಿಗೆ ಲಾಳಿ ಒಂದು ಸಲ ಹೋಗುತ್ತದೆ. ಸೀಕ್ವೆನ್ಸರ್ ಕೂಡ ಹಾಗೇ. ಅದರೊಳಗೆ ದನಿ ಇಲ್ಲ. ‘ಈ ಹೊತ್ತಿಗೆ ಈ ಸ್ವರ, ಇಷ್ಟು ಜೋರಾಗಿ, ಇಷ್ಟು ಹೊತ್ತು’ ಎಂಬ ಅಪ್ಪಣೆ ಮಾತ್ರ ಇದೆ. ದನಿ ಬರುವುದು ನಿಮ್ಮ ಕೀಬೋರ್ಡಿನಿಂದ. ಒಂದು ಗುಂಡಿ ಅಂದರೆ ಒಂದು ಸ್ಟೆಪ್, ಅಂದರೆ ಒಂದು ಕಾರ್ಡ್. ಪೂರ್ತಿ ಮಾಲೆಯೇ ಪ್ಯಾಟರ್ನ್. ಕೊನೆಯ ಕಾರ್ಡನ್ನು ಮೊದಲನೆಯದಕ್ಕೆ ಪೋಣಿಸುತ್ತೇವೆ, ಅದು ಲೂಪ್.

ಹಾಗಾದರೆ ರೂಪಕಕ್ಕೆ 16 ಕಾರ್ಡ್ ಯಾಕೆ ಬೇಕು? 14 ಪೋಣಿಸಿ ಸಾಕು. ನಿಮ್ಮ ಯಂತ್ರದಲ್ಲಿ ‘ಲೆಂತ್’ ಅಥವಾ ‘ಲಾಸ್ಟ್ ಸ್ಟೆಪ್’ ಅಂತ ಗುಂಡಿ ಇರುತ್ತದೆ. ಅದನ್ನು ಒತ್ತಿಕೊಂಡು 14ನೇ ಗುಂಡಿ ಮುಟ್ಟಿ.

ಬಾದಾಮಿ_ಪೇಟಿ
ಅಬ್ಬಾ! ಲಾಸ್ಟ್ ಸ್ಟೆಪ್ 14 ಮಾಡಿದೆ, ಈಗ ಸುತ್ತು ಸರಿಯಾಗಿ ಬರುತ್ತಿದೆ. ನಮ್ಮ ಮಾವಂದಿರದು ಇಳಕಲ್ ಸೀರೆಯ ಮಗ್ಗ. ಇಷ್ಟು ದಿನ ಕಣ್ಣೆದುರೇ ಇತ್ತು, ಹೊಳೆದಿರಲಿಲ್ಲ.

ತಿಹಾಯಿ_ಜಮಖಂಡಿ
ಪೇಟಿಯವರೇ, 80 ಇಟ್ಟರೆ ದುಪ್ಪಟ್ಟು ಓಡುತ್ತದೆ ಅಂದಿರಿ. ನನಗೂ ಹೀಗೇ ಆಗಿತ್ತು. ಈ ಯಂತ್ರಗಳು ಒಂದು ಬೀಟಿಗೆ 4 ಸ್ಟೆಪ್ ಅಂತ ಲೆಕ್ಕ ಹಿಡಿಯುತ್ತವೆ. ನೀವು ಒಂದು ಮಾತ್ರೆಗೆ 2 ಸ್ಟೆಪ್ ಕೊಟ್ಟಿದ್ದೀರಿ. ಹಾಗಾಗಿ ಅದರ ಒಂದು ಬೀಟಿನಲ್ಲಿ ನಿಮ್ಮ 2 ಮಾತ್ರೆ ಹೋಗುತ್ತವೆ. 80 ಇಟ್ಟರೆ ನಿಮಿಷಕ್ಕೆ 160 ಮಾತ್ರೆ.

ಟೆಂಪೋ 40ಕ್ಕೆ ಇಳಿಸಬಹುದು. ಅದಕ್ಕಿಂತ ಒಳ್ಳೆಯದು ‘ಟೈಮ್ ಡಿವಿಷನ್’ 1/16 ಇದ್ದದ್ದನ್ನು 1/8 ಮಾಡಿ. ಆಗ 2 ಸ್ಟೆಪ್ಪಿಗೆ ಒಂದು ಬೀಟ್. ಪರದೆ ಮೇಲಿನ 80 ನಿಜವಾಗಲೂ 80 ಮಾತ್ರೆ ಆಗುತ್ತದೆ. ವಿಲಂಬಿತ (ನಿಧಾನ ಲಯದ) ಅಭ್ಯಾಸಕ್ಕೆ ಮಾತ್ರೆಗೆ 4 ಸ್ಟೆಪ್ ಕೊಡಿ, 28 ಸ್ಟೆಪ್ ಬೇಕು. 16 ಗುಂಡಿ ಇದ್ದರೂ ‘ಪೇಜ್’ ಬದಲಿಸಿ ಮುಂದಿನ 16 ತೆರೆಯಬಹುದು. ಝಪತಾಲಕ್ಕೆ 10 ಮಾತ್ರೆ, ಹಾಗಾಗಿ 20 ಸ್ಟೆಪ್. ಏಕತಾಲಕ್ಕೆ 24.

ಮುಧೋಳ_ಬೀಟ್ಸ್
ಮೊದಲ ಸ್ಟೆಪ್ಪಿನ ವೆಲಾಸಿಟಿ, ಅಂದರೆ ಸ್ವರದ ಜೋರು, 127ಕ್ಕೆ ಏರಿಸಿ. ಸಮ್ ಎದ್ದು ಕೇಳುತ್ತದೆ.

ತಿಹಾಯಿ_ಜಮಖಂಡಿ
ಬೇಡ ತಮ್ಮಾ. ರೂಪಕದಲ್ಲಿ ಸಮ್ ಇರುವ ಜಾಗದಲ್ಲೇ ‘ಖಾಲಿ’ ಇದೆ, ಅಂದರೆ ತೂಕ ಇಲ್ಲದ ಮಾತ್ರೆ. ತೀ ತೀ ನಾ, ಧೀ ನಾ, ಧೀ ನಾ. ತಾಳದ ತೂಕ 4ನೇ ಮಾತ್ರೆಗೂ 6ನೇ ಮಾತ್ರೆಗೂ ಬೀಳುತ್ತದೆ. ನೀನು ಒಂದನೇ ಮಾತ್ರೆಗೆ ಸುತ್ತಿಗೆ ಹೊಡೆದರೆ ಹುಡುಗನ ಕೈ ಅಲ್ಲೇ ಧಾ ಬಾರಿಸಲು ಕಲಿಯುತ್ತದೆ. ಆಮೇಲೆ ಬಿಡಿಸೋದು ಕಷ್ಟ.

ಮುಧೋಳ_ಬೀಟ್ಸ್
ಮಾಸ್ತರ್, ಆದರೆ ಲೆಹರಾದಲ್ಲಿ ಸಮ್ ಗೊತ್ತಾಗಬೇಕಲ್ವಾ? ಎಲ್ಲ ಸ್ವರ ಒಂದೇ ಸಮ ಇದ್ದರೆ ಹುಡುಗ ಎಲ್ಲಿ ಹಿಡಿಯೋದು?

ವಿಜಯಪುರ_ಸ್ವರ
ಸಮ್ ಗೊತ್ತಾಗಬೇಕಾದ್ದು ಸ್ವರದ ಓಟದಿಂದ. ಜೋರು ಮಾಡಿ ತೋರಿಸಬೇಕಿಲ್ಲ. ನಾನು ಮಕ್ಕಳಿಗೆ ಹಾಡು ಕಲಿಸುತ್ತೇನೆ, ರೂಪಕಕ್ಕೆ ಭೂಪ ರಾಗದಲ್ಲಿ ಒಂದು ಸಣ್ಣ ಲೆಹರಾ ಮಾಡಿಟ್ಟಿದ್ದೇನೆ: ಸಾ – ರೇ, ಗಾ ಪಾ, ಗಾ ರೇ. ಕೊನೆಯ ರೇ ತಾನಾಗಿ ಸಾ ಕಡೆ ಎಳೆಯುತ್ತದೆ. ಮಗು ಅಲ್ಲಿ ಕಾದು ಕೂರುತ್ತದೆ.

ಕಾಳಿ 1, ಅಂದರೆ ಮೊದಲ ಕಪ್ಪು ಪಟ್ಟಿ, ಸಾ ಅಂದುಕೊಳ್ಳಿ. ಮಿಡಿಯಲ್ಲಿ ಪ್ರತಿ ಪಟ್ಟಿಗೂ 0ರಿಂದ 127ರ ಒಳಗೆ ಒಂದು ನಂಬರು. ಮಧ್ಯದ ಬಿಳಿ 1 ಅಂದರೆ 60, ಕಾಳಿ 1 ಅಂದರೆ 61. ನಾನು ಹಾಕುವುದು ಹೀಗೆ. 1ನೇ ಸ್ಟೆಪ್ಪಿಗೆ 61, 5ಕ್ಕೆ 63, 7ಕ್ಕೆ 65, 9ಕ್ಕೆ 68, 11ಕ್ಕೆ 65, 13ಕ್ಕೆ 63. ಸಾ ಎರಡು ಮಾತ್ರೆ ನಿಲ್ಲಬೇಕಲ್ಲ, ಅದಕ್ಕೆ 2, 3, 4ನೇ ಸ್ಟೆಪ್ಪಿನಲ್ಲಿ ‘ಟೈ’ ಹಾಕುತ್ತೇನೆ. ಟೈ ಅಂದರೆ ಹಿಂದಿನ ಸ್ವರ ಬಿಡದೆ ಮುಂದುವರಿಯಲಿ ಅಂತ. ಉಳಿದ ಸಮಸಂಖ್ಯೆಯ ಸ್ಟೆಪ್ಪುಗಳಲ್ಲೂ ಒಂದೊಂದು ಟೈ.

‘ಗೇಟ್’ ಬೇರೆ. ಒಂದು ಸ್ಟೆಪ್ಪಿನ ಹೊತ್ತಿನಲ್ಲಿ ಪಟ್ಟಿಯನ್ನು ಎಷ್ಟು ಪಾಲು ಒತ್ತಿ ಹಿಡಿದಿರಬೇಕು ಅನ್ನೋದು ಗೇಟ್. 50% ಇಟ್ಟರೆ ಅರ್ಧಕ್ಕೆ ಕೈ ತೆಗೆದ ಹಾಗೆ, ಸ್ವರ ತುಂಡುತುಂಡಾಗಿ ಕೇಳುತ್ತದೆ. ಸಂತೂರ್ ದನಿಗೆ ನಡೆಯುತ್ತದೆ. ಪೇಟಿ ದನಿಗೆ 90ರ ಮೇಲೆ ಬೇಕೇ ಬೇಕು.

ಬಾದಾಮಿ_ಪೇಟಿ
ಅಕ್ಕಾ, ನಿಮ್ಮ ಲೆಹರಾ ಹಾಕಿದೆ. ನಿಜ, ಕೊನೆಯ ರೇ ಬಂದಾಗ ತಮ್ಮ ತಾನೇ ತಲೆ ಆಡಿಸಿದ. ಗೇಟ್ 50 ಇತ್ತು, ಅದಕ್ಕೇ ನನ್ನದು ಪೇಟಿ ಥರ ಕೇಳುತ್ತಿರಲಿಲ್ಲ.

ಖಡೇಬಜಾರ್_ರಿಪೇರಿ
ಈಗ ಪ್ಯಾಡ್ ಬಡಿಯುವ ವಿಷಯ. ನೀವು ಸೀಕ್ವೆನ್ಸರ್‌ನ ಔಟ್‌ನಿಂದ ಕೀಬೋರ್ಡಿನ ಇನ್‌ಗೆ, ಕೀಬೋರ್ಡಿನ ಥ್ರೂನಿಂದ ಪ್ಯಾಡಿಗೆ ಹಾಕಿರಬೇಕು. ಥ್ರೂ ಅಂದರೆ ಒಳಗೆ ಬಂದದ್ದನ್ನೇ ಹಾಗೇ ಮುಂದಕ್ಕೆ ದಾಟಿಸುವ ತೂತು. ಹೀಗಾಗಿ ಲೆಹರಾದ ಅಪ್ಪಣೆಗಳೆಲ್ಲ ಪ್ಯಾಡಿಗೂ ಹೋಗುತ್ತವೆ.

ಹೋಗಲಿ, ತಪ್ಪೇನಿಲ್ಲ. ಒಂದೇ ವೈರಿನಲ್ಲಿ 16 ಚಾನಲ್ ಹರಿಯುತ್ತವೆ. ಪ್ರತಿ ಅಪ್ಪಣೆಯ ಮೇಲೂ ಚಾನಲ್ ನಂಬರು ಇರುತ್ತದೆ. ತನ್ನ ನಂಬರು ಇದ್ದದ್ದನ್ನು ಮಾತ್ರ ಯಂತ್ರ ತೆಗೆದುಕೊಳ್ಳಬೇಕು. ನಿಮ್ಮ ಪ್ಯಾಡ್ ‘ಓಮ್ನಿ’ಯಲ್ಲಿದೆ, ಅಂದರೆ ಎಲ್ಲ ನಂಬರನ್ನೂ ತನ್ನದೇ ಅಂದುಕೊಳ್ಳುತ್ತದೆ. ಅದನ್ನು ಆಫ್ ಮಾಡಿ ಪ್ಯಾಡಿಗೆ 10 ಕೊಡಿ. ಕೀಬೋರ್ಡಿಗೆ 1. ಸೀಕ್ವೆನ್ಸರ್‌ನಲ್ಲಿ ಲೆಹರಾ ಟ್ರ್ಯಾಕ್ 1ನೇ ಚಾನಲ್‌ಗೆ, ತಾಳದ ಟ್ರ್ಯಾಕ್ 10ಕ್ಕೆ. 1991ರ ಜನರಲ್ ಮಿಡಿ ಪದ್ಧತಿ ಬಂದಾಗಿನಿಂದ 10ನೇ ಚಾನಲ್ ಡ್ರಮ್ಮಿಗೇ ಮೀಸಲು. ಎಲ್ಲರೂ ಅದನ್ನೇ ಪಾಲಿಸಿದರೆ ಬೇರೆಯವರ ಸ್ಟೇಜಿನಲ್ಲಿ ಹೋಗಿ ಚುಚ್ಚಿದರೂ ಗೊಂದಲ ಆಗೋದಿಲ್ಲ.

ಮುಧೋಳ_ಬೀಟ್ಸ್
ಆ ವೈರು ಉದ್ದ ಆದರೆ ದನಿ ಕಡಿಮೆ ಆಗುತ್ತದಾ? ನಮ್ಮ ಸ್ಟೇಜಿನಲ್ಲಿ 20 ಮೀಟರ್ ಬೇಕು.

ಖಡೇಬಜಾರ್_ರಿಪೇರಿ
ಮಿಡಿ ವೈರಿನಲ್ಲಿ ದನಿಯೇ ಹೋಗೋದಿಲ್ಲ, ಅಂಕಿ ಮಾತ್ರ. 15 ಮೀಟರ್ ಮಿತಿ. ಅದರ ಮೇಲೆ ಅಪ್ಪಣೆ ಕಳೆದುಹೋಗಬಹುದು. ನಡುವೆ ಒಂದು ಥ್ರೂ ಬಾಕ್ಸ್ ಇಟ್ಟು ಎರಡು ವೈರು ಮಾಡಿ. ಇನ್ನೊಂದು ಮಾತು, ಹೊಸ ಸಣ್ಣ ಯಂತ್ರಗಳಲ್ಲಿ 5 ಪಿನ್ನಿನ ಬದಲು 3.5 ಮಿ.ಮೀ. ಜ್ಯಾಕ್ ಇರುತ್ತದೆ. ಅದರಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ಬಗೆ, ಒಳಗಿನ ವೈರು ಅದಲುಬದಲು. 2018ರಲ್ಲಿ ಟೈಪ್ ಎ ಅನ್ನೇ ಪ್ರಮಾಣ ಮಾಡಿದರು. ಅಡಾಪ್ಟರ್ ತಗೊಳ್ಳುವಾಗ ಕೇಳಿ ತಗೊಳ್ಳಿ. ಎಷ್ಟೋ ಜನ ‘ಯಂತ್ರ ಸತ್ತಿದೆ’ ಅಂತ ನನ್ನ ಹತ್ತಿರ ತರುತ್ತಾರೆ, ತೆರೆದು ನೋಡಿದರೆ ಅಡಾಪ್ಟರ್ ತಪ್ಪಿರುತ್ತದೆ.

ಚಿಕ್ಕೋಡಿ_ಪ್ಯಾಡ್
ಕ್ಲಾಕ್ ಬಗ್ಗೆ ನಾನು ಹೇಳುತ್ತೇನೆ. ಪೆಟ್ಟು ತಿಂದು ಕಲಿತದ್ದು.

ಬೆಳಗಾವಿಯಲ್ಲಿ ಗಣೇಶೋತ್ಸವದ ಕಾರ್ಯಕ್ರಮ. ಸೀಕ್ವೆನ್ಸರ್‌ನಲ್ಲಿ ಬೇಸ್, ಇನ್ನೊಂದು ರಿದಮ್ ಯಂತ್ರದಲ್ಲಿ ಢೋಲಕ್. ಎರಡಕ್ಕೂ ಟೆಂಪೋ 96 ಇಟ್ಟು ಎರಡೂ ಕೈಯಿಂದ ಒಟ್ಟಿಗೆ ಒತ್ತಿದೆ. ಪಲ್ಲವಿ ಸರಿಯಾಗಿ ಹೋಯಿತು. ಎರಡನೇ ಚರಣಕ್ಕೆ ಬೇಸ್ ಒಂದು ಕಡೆ, ಢೋಲಕ್ ಒಂದು ಕಡೆ. ಹಾಡುವ ತಂಗಿ ಹಿಂತಿರುಗಿ ನನ್ನ ಮುಖ ನೋಡಿದಳು. ಬೇಸ್ ಮ್ಯೂಟ್ ಮಾಡಿ ಹೇಗೋ ದಡ ಮುಟ್ಟಿಸಿದೆ.

ತೋರಿಸುವ ಅಂಕಿ ಒಂದೇ ಇದ್ದರೂ ಒಳಗಿನ ಗಡಿಯಾರ ಎರಡು. ಒಂದೇ ಯಂತ್ರ ‘ಮಾಸ್ಟರ್’ ಆಗಬೇಕು, ಉಳಿದವು ಅದರ ಹಿಂದೆ ನಡೆಯಬೇಕು. ಮಾಸ್ಟರ್ ಒಂದು ಬೀಟಿಗೆ 24 ಟಿಕ್ ಕಳಿಸುತ್ತದೆ. ಅದೇ ಮಿಡಿ ಕ್ಲಾಕ್. ಹಿಂದೆ ಬರುವ ಯಂತ್ರದಲ್ಲಿ ಕ್ಲಾಕ್ ‘ಎಕ್ಸ್‌ಟರ್ನಲ್’ ಮಾಡಿದರೆ ಆ ಟಿಕ್ ಎಣಿಸಿಕೊಂಡು ಹೋಗುತ್ತದೆ. ನೀವು ಮಾಸ್ಟರ್‌ನಲ್ಲಿ ಟೆಂಪೋ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ತಿರುಗುತ್ತವೆ.

ಬಾದಾಮಿ_ಪೇಟಿ
ಹಾಗಾದರೆ ನನ್ನ ಕೀಬೋರ್ಡಿನ ರಿದಮ್ ತಾನೇ ಶುರುವಾಗುವುದು?

ಚಿಕ್ಕೋಡಿ_ಪ್ಯಾಡ್
ಕ್ಲಾಕ್ ಜೊತೆಗೆ ‘ಸ್ಟಾರ್ಟ್’, ‘ಸ್ಟಾಪ್’, ‘ಕಂಟಿನ್ಯೂ’ ಅಂತ ಮೂರು ಅಪ್ಪಣೆಗಳೂ ಹೋಗುತ್ತವೆ. ಕೀಬೋರ್ಡ್ ಸ್ಟಾರ್ಟ್ ಕೇಳಿಸಿಕೊಂಡು ರಿದಮ್ ಹಚ್ಚುತ್ತದೆ. ನಿಮಗೆ ರಿದಮ್ ಬೇಡ ಅಂದರೆ ಸೀಕ್ವೆನ್ಸರ್‌ನಲ್ಲಿ ‘ಕ್ಲಾಕ್ ಔಟ್’, ‘ಟ್ರಾನ್ಸ್‌ಪೋರ್ಟ್ ಔಟ್’ ಎರಡನ್ನೂ ಆಫ್ ಮಾಡಿ. ಸ್ವರ ಹೋಗುತ್ತವೆ, ಸ್ಟಾರ್ಟ್ ಹೋಗೋದಿಲ್ಲ. ಕೀಬೋರ್ಡಿನ ಮೆನುವಿನಲ್ಲೂ ತಡೆಯಬಹುದು.

ಖಣ_ಗುಳೇದಗುಡ್ಡ
ಒಂದು ಸಂಶಯ. ಹಾಡಿನ ನಡುವಿನಿಂದ ಶುರು ಮಾಡಿದರೆ ಹಿಂದೆ ಬರುವ ಯಂತ್ರಕ್ಕೆ ತಾನು ಎಲ್ಲಿದ್ದೇನೆ ಅಂತ ಹೇಗೆ ತಿಳಿಯುತ್ತದೆ? ಟಿಕ್ ಎಲ್ಲವೂ ಒಂದೇ ಥರ ಅಲ್ವಾ?

ಖಡೇಬಜಾರ್_ರಿಪೇರಿ
ಒಳ್ಳೆಯ ಪ್ರಶ್ನೆ. ಅದಕ್ಕೆ ‘ಸಾಂಗ್ ಪೊಸಿಷನ್ ಪಾಯಿಂಟರ್’ ಇದೆ. ‘ಶುರುವಿನಿಂದ ಇಷ್ಟನೇ 1/16ರಲ್ಲಿ ಇದ್ದೇವೆ’ ಅಂತ ಮಾಸ್ಟರ್ ಹೇಳುತ್ತದೆ. ಒಂದು 1/16ಕ್ಕೆ 6 ಟಿಕ್. ಆಮೇಲೆ ಕಂಟಿನ್ಯೂ ಬಂದರೆ ಅಲ್ಲಿಂದ ಹೊರಡುತ್ತದೆ. ಎಲ್ಲ ಯಂತ್ರಗಳೂ ಇದನ್ನು ಒಪ್ಪೋದಿಲ್ಲ. ಅನುಮಾನ ಇದ್ದರೆ ಮೊದಲಿನಿಂದ ಶುರು ಮಾಡಿ.

ಟಿಳಕವಾಡಿ_ಟೆಕ್
ನೋಡಿ, ಇಷ್ಟೆಲ್ಲ ತಲೆನೋವು 40 ವರ್ಷ ಹಳೆಯ ಪದ್ಧತಿಯಿಂದ. ಸೆಕೆಂಡಿಗೆ 31,250 ಬಿಟ್. ಇವತ್ತಿನ ಕಾಲಕ್ಕೆ ಅದೇನು ವೇಗ?

ವಿಜಯಪುರ_ಸ್ವರ
ಹಳೆಯದಾದರೂ ಇವತ್ತಿಗೂ ಕೆಲಸ ಮಾಡುತ್ತದಲ್ಲ ಸರ್! 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಪ್ರದರ್ಶನದಲ್ಲಿ ಪ್ರಾಫೆಟ್-600 ಮತ್ತು ಜುಪಿಟರ್-6, ಎರಡು ಬೇರೆ ಕಂಪನಿಯ ಕೀಬೋರ್ಡುಗಳನ್ನು ವೈರು ಹಾಕಿ ಜೋಡಿಸಿ ತೋರಿಸಿದರು. ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ, ಪೈಪೋಟಿಯ ಕಂಪನಿಯವರು ಒಂದೇ ಭಾಷೆಗೆ ಒಪ್ಪಿಕೊಂಡರು. ಆ ವರ್ಷದ ಕೀಬೋರ್ಡಿಗೆ ಇವತ್ತು ತಗೊಂಡ ಸೀಕ್ವೆನ್ಸರ್ ಚುಚ್ಚಿದರೂ ನುಡಿಯುತ್ತದೆ. ನನ್ನ 5 ವರ್ಷ ಹಿಂದಿನ ಫೋನಿಗೆ ಈಗ ಚಾರ್ಜರ್ ಸಿಗುತ್ತಿಲ್ಲ.

ಖಡೇಬಜಾರ್_ರಿಪೇರಿ
ಅಕ್ಕ ಹೇಳಿದ್ದು ಸರಿ. ವೇಗದ ಲೆಕ್ಕವೂ ನೋಡಿ. ಒಂದು ಸ್ವರ ಹಚ್ಚಲು 3 ಬೈಟ್, ಸುಮಾರು 1 ಮಿಲಿಸೆಕೆಂಡ್. ಲೆಹರಾ ಒಂದು ಸ್ವರ, ತಬಲಾ ಎರಡು ಪೆಟ್ಟು. ಯಾರ ಕಿವಿಗೂ ತಿಳಿಯೋದಿಲ್ಲ. 10 ಸ್ವರ ಒಟ್ಟಿಗೆ ಕಳಿಸಿದರೆ ಕೊನೆಯದು 10 ಮಿಲಿಸೆಕೆಂಡ್ ಹಿಂದೆ ಬೀಳಬಹುದು, ಆಗ ಮಾತ್ರ ಯೋಚಿಸಿ.

ಮುಧೋಳ_ಬೀಟ್ಸ್
ವಿಷಯ ಬಂದದ್ದಕ್ಕೆ ಹೇಳುತ್ತೇನೆ, ನನ್ನ ಸೀಕ್ವೆನ್ಸರ್‌ನಲ್ಲಿ ‘ನೋಟ್ ಎಕೋ’ ಇದೆ. ಒಂದು ಸ್ವರ ಕೊಟ್ಟರೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ, ವೆಲಾಸಿಟಿ 100, 80, 60 ಅಂತ ಇಳಿಯುತ್ತಾ. ಥೇಟ್ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದ ಹಾಗೆ.

ವಿಜಯಪುರ_ಸ್ವರ
ಗುಮ್ಮಟದಲ್ಲಿ ಚಪ್ಪಾಳೆಗಿಂತ ಒಂದು ಸಾ ಹಾಡಿ ನೋಡು ತಮ್ಮಾ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು, ಜನ ಬಂದ ಮೇಲೆ ಬರೀ ಕೂಗಾಟ. ಇದೇ ಊರಿನ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸಂಗೀತದ ಮೇಲೇ ‘ಕಿತಾಬ್-ಎ-ನೌರಸ್’ ಬರೆದ ಅರಸ. ಅಂಥ ಊರಿನಲ್ಲಿ ಸಂಜೆ ರಿಯಾಜಿಗೆ ಒಂದು ಲೆಹರಾ ಕೊಡುವವರು ಸಿಗುತ್ತಿಲ್ಲ ಅನ್ನೋದು ನನ್ನ ಸಂಕಟ.

ತಿಹಾಯಿ_ಜಮಖಂಡಿ
ಅಮ್ಮಾ, ಆ ಸಂಕಟ ನನಗೂ ಇದೆ. ಆದರೆ ಯಂತ್ರದ ಲೆಹರಾಕ್ಕೆ ಒಗ್ಗಿದ ಹುಡುಗರಿಗೆ ಜೀವಂತ ಪೇಟಿಯವರ ಜೊತೆ ನುಡಿಸಲು ಬರುತ್ತಿಲ್ಲ, ಅದನ್ನೂ ನೋಡಿದ್ದೇನೆ. ಪೇಟಿಯವರು ಹುಡುಗನ ಕೈ ನೋಡಿ ಚೂರು ತಡೆಯುತ್ತಾರೆ, ಚೂರು ದೂಡುತ್ತಾರೆ. ಯಂತ್ರಕ್ಕೆ ಕಣ್ಣಿಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತರು ಮಾತಿನಿಂದ ಹಾಡಿಗೆ ಜಾರುವಾಗ ಲಯ ಅವರ ಹಿಂದೆ ಹೋಗುತ್ತದೆ. ಅಲ್ಲಿ ಕ್ಲಾಕ್ ಇಟ್ಟರೆ ಭಾಗವತರೇ ಯಂತ್ರದ ಹಿಂದೆ ಓಡಬೇಕಾಗುತ್ತದೆ.

ಚಿಕ್ಕೋಡಿ_ಪ್ಯಾಡ್
ಮಾಸ್ತರ್, ಇನ್ನೊಂದು ಭಯ ಇದೆ. ಕಂಪನಿ ಮಾಲೀಕರು ‘ಪೆಟ್ಟಿಗೆ ಇದೆಯಲ್ಲ, ತಬಲಾದವರು ಯಾಕೆ’ ಅಂದರೆ? ಅದು ಹೊಟ್ಟೆಯ ಮೇಲೆ ಹೊಡೆದಂತೆ. ಪೇಟಿಯಣ್ಣಾ, ನೀವು ಅದನ್ನು ರಿಯಾಜಿಗೆ, ಬೇಸಿಗೆ ಇಡಿ. ತಾಳಕ್ಕೆ ಮನುಷ್ಯರೇ ಇರಲಿ.

ಬಾದಾಮಿ_ಪೇಟಿ
ನನ್ನ ತಮ್ಮನೇ ತಬಲಾದವನು ಅಣ್ಣಾ. ಅವನ ಜಾಗಕ್ಕೆ ಯಂತ್ರ ಇಡುವ ಮಾತೇ ಇಲ್ಲ. ವಾರಕ್ಕೆ ಎರಡು ದಿನವಾದರೂ ನಾನೇ ಪೇಟಿ ಹಿಡಿಯುತ್ತೇನೆ.

ಮುಧೋಳ_ಬೀಟ್ಸ್
ಯಂತ್ರದ ಲಯ ಸತ್ತದ್ದು ಅನ್ನೋದನ್ನು ಪೂರ್ತಿ ಒಪ್ಪೋದಿಲ್ಲ. ಎಲ್ಲರೂ ‘ಕ್ವಾಂಟೈಸ್’ 100% ಇಟ್ಟುಬಿಡುತ್ತಾರೆ. ನೀವು ಲೈವ್ ನುಡಿಸಿ ರೆಕಾರ್ಡ್ ಮಾಡಿದ್ದನ್ನು ಹತ್ತಿರದ ಸ್ಟೆಪ್ಪಿಗೆ ಎಳೆದು ಕೂರಿಸುವುದು ಕ್ವಾಂಟೈಸ್. 50% ಇಡಿ, ಅರ್ಧ ದೂರ ಮಾತ್ರ ಎಳೆಯುತ್ತದೆ, ಕೈಯ ಗುಣ ಉಳಿಯುತ್ತದೆ. ಇನ್ನು ‘ಸ್ವಿಂಗ್’. ರೋಜರ್ ಲಿನ್ ಅನ್ನುವವರು 1980ರ ಎಲ್‌ಎಂ-1 ಡ್ರಮ್ ಯಂತ್ರದಲ್ಲೇ ತಂದದ್ದು. ಜೋಡಿಯಲ್ಲಿ ಎರಡನೇ ಸ್ಟೆಪ್ ಸ್ವಲ್ಪ ತಡವಾಗಿ ಬೀಳುತ್ತದೆ. 50 ಅಂದರೆ ನೇರ. 66 ಅಂದರೆ ಮೂರರ ಪಾಲಿನಲ್ಲಿ ಎರಡು-ಒಂದು. ಭಜನೆಯ ಕೆಹರವಾ ತಾಳಕ್ಕೆ 56, 58ರ ಹತ್ತಿರ ಇಟ್ಟು ನೋಡಿ, ಕಾಲು ತಾನೇ ತಾಳ ಹಾಕುತ್ತದೆ.

ತಿಹಾಯಿ_ಜಮಖಂಡಿ
58 ಇಟ್ಟು ಕೇಳಿದೆ. ಕೆಹರವಾ ಚೆನ್ನಾಗಿ ತೂಗುತ್ತದೆ, ಒಪ್ಪಿದೆ ತಮ್ಮಾ. ಲೆಹರಾಕ್ಕೆ ಮಾತ್ರ 50 ಇರಲಿ. ಕಾಯಿದೆ (ತಬಲಾದ ಒಂದು ಬೋಲನ್ನು ಬಗೆಬಗೆಯಾಗಿ ಬೆಳೆಸುವ ಪಾಠ) ಅಭ್ಯಾಸದಲ್ಲಿ ಅಳತೆ ನೇರ ಇರಬೇಕು.

ಬಾದಾಮಿ_ಪೇಟಿ
ಸ್ವರ ಹಿಡಿದುಕೊಂಡದ್ದಕ್ಕೆ ಯಾರೂ ಹೇಳಲಿಲ್ಲ. ನಿನ್ನೆ ಮತ್ತೆ ಆಯಿತು.

ಖಡೇಬಜಾರ್_ರಿಪೇರಿ
‘ನೋಟ್ ಆನ್’ ಹೋಗಿ ‘ನೋಟ್ ಆಫ್’ ಮುಟ್ಟದಿದ್ದರೆ ಹಾಗಾಗುತ್ತದೆ. ನಡುವೆ ವೈರು ಕಿತ್ತಿರಾ? ಓಡುವಾಗ ಚಾನಲ್ ಬದಲಿಸಿದಿರಾ?

ಬಾದಾಮಿ_ಪೇಟಿ
ಓಡುವಾಗ ಚಾನಲ್ ಬದಲಿಸಿದೆ, ಹೌದು.

ಖಡೇಬಜಾರ್_ರಿಪೇರಿ
ಅದೇ. ಆನ್ ಒಂದನೇ ಚಾನಲ್ಲಿಗೆ, ಆಫ್ ಎರಡನೆಯದಕ್ಕೆ ಹೋಯಿತು. ನಿಲ್ಲಿಸಿ ಬದಲಿಸಿ. ಮತ್ತೆ ಆದರೆ ‘ಪ್ಯಾನಿಕ್’ ಒತ್ತಿ. ಕಂಟ್ರೋಲ್ ನಂಬರ್ 123, ‘ಆಲ್ ನೋಟ್ಸ್ ಆಫ್’ ಹೋಗುತ್ತದೆ. ಅದಕ್ಕೂ ನಿಲ್ಲದಿದ್ದರೆ ಸಸ್ಟೇನ್ ಪೆಡಲ್ ಹಿಡಿದುಕೊಂಡಿದೆ ಅಂತ ಅರ್ಥ. ಕಂಟ್ರೋಲ್ 64ಕ್ಕೆ 0 ಕಳಿಸಿ, ಇಲ್ಲವೇ ಪೆಡಲ್ ಒಮ್ಮೆ ತುಳಿದು ಬಿಡಿ.

ವಿಜಯಪುರ_ಸ್ವರ
ಪ್ಯಾಟರ್ನ್ ಮಾಡಿದ ಕೂಡಲೇ ‘ಸೇವ್’ ಒತ್ತಿ ಪೇಟಿಯವರೇ. ನಾನು ಒಂದು ವಾರ ಕೂತು 9 ತಾಳಕ್ಕೆ ಲೆಹರಾ ಹಾಕಿದ್ದೆ, ಕರೆಂಟು ಹೋಯಿತು, ಎಲ್ಲ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ಈಗ ತಿಂಗಳಿಗೊಮ್ಮೆ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಡುತ್ತೇನೆ.

ಬಾದಾಮಿ_ಪೇಟಿ
ಸೇವ್ ಮಾಡಿದೆ ಅಕ್ಕಾ. ಪ್ಯಾಟರ್ನ್ 1 ರೂಪಕ, 2 ಝಪತಾಲ, 3 ತೀನ್‌ತಾಲ. ಇವತ್ತು ತಮ್ಮ ಒಬ್ಬನೇ 40 ನಿಮಿಷ ರೂಪಕ ನುಡಿಸಿದ, ನಾನು ಪಕ್ಕದ ಕೋಣೆಯಲ್ಲಿ ಕೇಳುತ್ತಾ ಕೂತೆ. ಒಂದು ಸಲವೂ ಸಮ್ ತಪ್ಪಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಕೊನೆಯದೊಂದು. ಅವನ ತಬಲಾ ಕಾಳಿ 2ಕ್ಕೆ ಇದೆ. ಲೆಹರಾ ಕಾಳಿ 1ರಲ್ಲಿ ಹಾಕಿದ್ದೇನೆ. ಟ್ರಾನ್ಸ್‌ಪೋಸ್ +2 ಮಾಡಿದರೆ, ಅಂದರೆ ಎಲ್ಲ ಸ್ವರವನ್ನೂ 2 ಪಟ್ಟಿ ಮೇಲೆ ಸರಿಸಿದರೆ, ಸಾಕಲ್ವಾ? ಹಾಗೆ ಮಾಡಿದೆ, ಲೆಹರಾ ಸರಿ ಬಂತು. ಆದರೆ ಪ್ಯಾಡಿನಲ್ಲಿ ದಪ್ಪ ಡ್ರಮ್ ಇದ್ದ ಜಾಗದಲ್ಲಿ ಈಗ ಸ್ನೇರ್ ಬಡಿಯುತ್ತಿದೆ.

ಚಿಕ್ಕೋಡಿ_ಪ್ಯಾಡ್
ಡ್ರಮ್ಮಿನಲ್ಲಿ ಒಂದೊಂದು ನಂಬರಿಗೂ ಒಂದೊಂದು ವಾದ್ಯ ಅಣ್ಣಾ. 36 ಅಂದರೆ ಬೇಸ್ ಡ್ರಮ್, 38 ಅಂದರೆ ಸ್ನೇರ್. ನೀವು 2 ಏರಿಸಿದ್ದಕ್ಕೆ 36 ಹೋಗಿ 38 ಆಯಿತು. ಲೆಹರಾ ಟ್ರ್ಯಾಕ್ ಒಂದನ್ನೇ ಆರಿಸಿ ಟ್ರಾನ್ಸ್‌ಪೋಸ್ ಮಾಡಿ, 10ನೇ ಚಾನಲ್ಲಿನದು 0 ಇರಲಿ.

ಬಾದಾಮಿ_ಪೇಟಿ
ಸರಿಹೋಯಿತು ಅಣ್ಣಾ. ಸೇವ್ ಕೂಡ ಒತ್ತಿದೆ.